ಯಂತ್ರ ಹಂಚಿಕೊಳ್ಳುವವರು ಲೆಕ್ಕವನ್ನೂ ಹಂಚಿಕೊಳ್ಳಲಿ

ಈ ಸಲದ ಟಿಪ್ಪಣಿ ಸ್ವಲ್ಪ ಉದ್ದ ಉಂಟು. ಏಣೆಲು ನಾಟಿ ಮುಗಿದಿದೆ, ಮಳೆ ಬಿಟ್ಟಿಲ್ಲ, ಕೂತು ಓದುವಷ್ಟು ಪುರ್ಸೊತ್ತು ನಿಮಗೂ ಇದ್ದೀತು ಅಂತ ಬರೆಯುತ್ತಿದ್ದೇನೆ. ವಿಷಯ ರೋವರಿನದ್ದು.

ನಮ್ಮ ಅಂಬಲಪಾಡಿ, ಕಿದಿಯೂರು, ಕಡೆಕಾರು ಕಡೆ ಈಗ ನಾಲ್ಕು ಜನ ರೈತರು ಸೇರಿದಲ್ಲಿ ಎರಡು ಮಾತು ಕೇಳುತ್ತದೆ. ಒಂದು, "ಸಂಘಕ್ಕೆ ಒಂದು ರೋವರ್ ತೆಗೊಳ್ಳುವ, ಸಬ್ಸಿಡಿ ಸಿಕ್ಕಿದ್ರೆ ಒಳ್ಳೆದಾಯ್ತು." ಎರಡು, "ಕಾಲೇಜಿನವರು ಸ್ಯಾಟಲೈಟ್ ಸ್ಟೇಷನ್ ಇಡ್ಲಿಕ್ಕೆ ಜಾಗ ಕೇಳ್ತಾ ಇದ್ದಾರೆ, ಕೊಟ್ಟುಬಿಡುವ, ಊರಿಗೆ ಹೆಸರು." ಎರಡಕ್ಕೂ ನಾನು ವಿರೋಧ ಅಲ್ಲ. ಆದರೆ ಎರಡನ್ನೂ ಬೇರೆ ಬೇರೆ ಮಾಡಿ, ಯಂತ್ರದ ಫೋಟೋ ತೆಗೆಸಿಕೊಂಡು ಮುಗಿಸುವ ಅಂದಾಜು ಕಾಣ್ತದಲ್ಲ, ಅದಕ್ಕೆ ನನ್ನ ಖಡಾಖಡಿ ವಿರೋಧ ಉಂಟು. ಯಾಕೆ ಅಂತ ಹೇಳುತ್ತೇನೆ.

ಮೊದಲು ರೋವರ್ ಅಂದರೆ ಎಂತ ಅಂತ ಸರಿಯಾಗಿ ತಿಳಿಯುವ. ನಮ್ಮ ಮೊಬೈಲ್ ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳ ಸಿಗ್ನಲ್ ಹಿಡಿದು ನಾವೆಲ್ಲಿದ್ದೇವೆ ಅಂತ ಹೇಳುತ್ತದೆ. ಬಯಲಲ್ಲಿ ನಿಂತರೂ ಅದರ ಲೆಕ್ಕದಲ್ಲಿ ಕೆಲವು ಮೀಟರ್ ಆಚೀಚೆ ಇರುತ್ತದೆ. ಮದುವೆ ಹಾಲ್ ಹುಡುಕಲಿಕ್ಕೆ ಅಷ್ಟು ಸಾಕು, ಗಡಿಕಲ್ಲು ಹಾಕಲಿಕ್ಕೆ ಸಾಲದು. ಆ ತಪ್ಪು ಬರುವುದು ಹೆಚ್ಚಾಗಿ ದಾರಿಯಲ್ಲಿ. ಮೇಲಿನ ಅಯಾನುಗೋಳ ದಾಟುವಾಗ, ಕೆಳಗೆ ನೀರಾವಿ ತುಂಬಿದ ಗಾಳಿ ದಾಟುವಾಗ ಸಿಗ್ನಲ್ ತಡವಾಗುತ್ತದೆ. ಇದಕ್ಕೆ ಮದ್ದು ಎಂತ ಅಂದರೆ, ತನ್ನ ಜಾಗ ಸರಿಯಾಗಿ ಗೊತ್ತಿರುವ ಒಂದು ಯಂತ್ರವನ್ನು ಒಂದು ಕಡೆ ಕೂರಿಸುವುದು. ಅದು ಬೇಸ್. "ನಾನಿರುವುದು ಇಲ್ಲಿ, ಆದರೆ ಉಪಗ್ರಹದ ಲೆಕ್ಕ ಅಲ್ಲಿ ತೋರಿಸ್ತಾ ಉಂಟು, ವ್ಯತ್ಯಾಸ ಇಷ್ಟು" ಅಂತ ಅದು ರೇಡಿಯೋದಲ್ಲೋ ಸಿಮ್‌ನಲ್ಲೋ ಹೇಳುತ್ತಾ ಇರುತ್ತದೆ. ಗದ್ದೆಯಲ್ಲಿ ಕೋಲಿನ ತುದಿಯಲ್ಲಿ ತಿರುಗುವ ಯಂತ್ರ ಅದನ್ನು ಕೇಳಿ ತನ್ನ ಲೆಕ್ಕ ತಿದ್ದಿಕೊಳ್ಳುತ್ತದೆ. ಅದು ರೋವರ್. ಹೀಗೆ ಎರಡು ಸೆಂಟಿಮೀಟರ್ ಒಳಗೆ ಬರಬಹುದು.

ಈಗ ಗಮನಿಸಿ. ರೋವರಿನ ಸತ್ಯ ಎಲ್ಲ ಬೇಸಿನ ಸತ್ಯದ ಮೇಲೆ ನಿಂತಿದೆ. ಬೇಸ್ ಇಟ್ಟವನು "ಇದು ಇಂಥ ಜಾಗ" ಅಂತ ಅಂದಾಜಿಗೆ ಹಾಕಿದರೆ ಗದ್ದೆಯ ಆಕಾರ ಸರಿ ಬರುತ್ತದೆ, ಉದ್ದ ಅಗಲ ಸರಿ ಬರುತ್ತದೆ, ಆದರೆ ಇಡೀ ಗದ್ದೆ ಒಂದೆರಡು ಮೀಟರ್ ಪಕ್ಕಕ್ಕೆ ಸರಿದು ಕೂರುತ್ತದೆ. ಪರದೆಯಲ್ಲಿ "ಫಿಕ್ಸ್" ಅಂತ ಹಸಿರು ಅಕ್ಷರ ಬಂದಿರುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ.

ನನ್ನ ಸಂಬಂಧಿಕರಲ್ಲೇ ಆದದ್ದು ಹೇಳುತ್ತೇನೆ, ಹೆಸರು ಬೇಡ. ಅಣ್ಣ ಒಬ್ಬ ಖಾಸಗಿಯವರನ್ನು ಕರೆಸಿ ಅಳೆಸಿದ. ತಮ್ಮನಿಗೆ ನಂಬಿಕೆ ಬರಲಿಲ್ಲ, ಅವನು ಬೇರೆಯವರನ್ನು ಕರೆಸಿದ. ಎರಡೂ ರೋವರ್, ಎರಡೂ ಹೊಸತು. ಎರಡು ಗೂಟದ ನಡುವೆ ನಾಲ್ಕು ಅಡಿ ವ್ಯತ್ಯಾಸ. ಅಳೆದವರಿಬ್ಬರೂ "ನಮ್ಮ ಮೆಷಿನ್ ಸೆಂಟಿಮೀಟರ್ ಲೆಕ್ಕದ್ದು" ಅಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಒಬ್ಬರು ಬೇಸ್ ಇಟ್ಟದ್ದು ಬಾವಿಕಟ್ಟೆಯ ಹತ್ತಿರ ಅಂದಾಜಿನ ಜಾಗದಲ್ಲಿ, ಇನ್ನೊಬ್ಬರು ಇಟ್ಟದ್ದು ರಸ್ತೆ ಬದಿಯಲ್ಲಿ ಇನ್ನೊಂದು ಅಂದಾಜಿನಲ್ಲಿ. ಎರಡು ಅಂದಾಜಿನ ನಡುವಿನ ಅಂತರವೇ ಆ ನಾಲ್ಕು ಅಡಿ. ಇದನ್ನು ಬಿಡಿಸಿ ಹೇಳುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಅಣ್ಣ ತಮ್ಮ ಈಗ ಒಟ್ಟಿಗೆ ಕೂತು ಊಟ ಮಾಡುವುದಿಲ್ಲ, ವಕೀಲರ ಫೀಸು ಮಾತ್ರ ಇಬ್ಬರೂ ಕಟ್ತಾ ಇದ್ದಾರೆ.

ನಾಲ್ಕು ಅಡಿ ಅಂದರೆ ಎಷ್ಟು ಅಂತ ಲೆಕ್ಕ ಹಾಕಿ. ಒಂದು ಸೆಂಟ್ಸ್ ಅಂದರೆ ಸುಮಾರು 40 ಚದರ ಮೀಟರ್. 40 ಮೀಟರ್ ಉದ್ದದ ಗಡಿ ಒಂದು ಮೀಟರ್ ಸರಿದರೆ ಒಂದು ಸೆಂಟ್ಸ್ ಹೋಯ್ತು. ಹೆದ್ದಾರಿ 66ರ ಬದಿಯಲ್ಲಿ ಒಂದು ಸೆಂಟ್ಸಿಗೆ ಎಷ್ಟು ಅಂತ ನಿಮಗೆ ನಾನು ಹೇಳಬೇಕಾ ಮಾರಾಯ್ರೆ?

ಸರ್ವೆ ಇಲಾಖೆಯವರ ಕೈಗೂ ಈಗ ರೋವರ್ ಬಂದಿದೆ. ಅದು ಒಳ್ಳೆಯದೇ. ಹಿಂದೆ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದಾಗ ಮಾಡಿದ ಎಫ್‌ಎಂಬಿ ನಕ್ಷೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಎಷ್ಟು ಸರಪಳಿ, ಎಷ್ಟು ಲಿಂಕ್ ಅಂತ ಬರೆದಿತ್ತು. ಕಲ್ಲು ಇದ್ದರೆ ಅಜ್ಜನೂ ಹೋಗಿ ಸರಪಳಿ ಎಳೆದು "ಸರಿ ಉಂಟಾ ಇಲ್ವಾ" ನೋಡಬಹುದಿತ್ತು. ಈಗ ಕಲ್ಲಿನ ಜಾಗಕ್ಕೆ ಅಂಕೆ ಬರುತ್ತಾ ಉಂಟು. ಅಕ್ಷಾಂಶ, ರೇಖಾಂಶ, ದಶಮಾಂಶದ ನಂತರ ಎಂಟು ಅಂಕೆ. ಈ ಅಂಕೆಯನ್ನು ತಾಳೆ ನೋಡುವ ಶಕ್ತಿ ರೈತನ ಕೈಯಲ್ಲಿ ಇಲ್ಲದಿದ್ದರೆ, ಅಂಕೆ ಬರೆದವನು ಹೇಳಿದ್ದೇ ಗಡಿ. ನಾನು ಹೆದರುವುದು ಇದಕ್ಕೆ.

ಅಂಕೆಯ ಇನ್ನೊಂದು ಗುಟ್ಟು ಕೇಳಿ. ನಮ್ಮ ಭಾರತದ ನೆಲ ಇಡಿಯಾಗಿ ಈಶಾನ್ಯಕ್ಕೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಾ ಉಂಟು. ಇದು ಕತೆಯಲ್ಲ, ಉಪಗ್ರಹದ ಅಳತೆಯಿಂದ ಕಂಡದ್ದು. ಅಂಬಲಪಾಡಿಯೂ ಕಾರ್ಕಳವೂ ಬೆಂಗಳೂರೂ ಒಟ್ಟಿಗೆ ಸರಿಯುವುದರಿಂದ ನಮಗೆ ಗೊತ್ತಾಗುವುದಿಲ್ಲ. ಆದರೆ ಇಡೀ ಭೂಮಿಗೆ ಕಟ್ಟಿದ ಲೆಕ್ಕದಲ್ಲಿ ಇವತ್ತು ಬರೆದ ಅಂಕೆ, ಇಪ್ಪತ್ತು ವರ್ಷ ಕಳೆದು ಅಳೆದರೆ ಒಂದು ಮೀಟರ್ ಆಚೆ ಬರುತ್ತದೆ. ಹಾಗಾಗಿ ಅಂಕೆಯ ಒಟ್ಟಿಗೆ ಅದು ಯಾವ ಲೆಕ್ಕದ ಪದ್ಧತಿಯದ್ದು, ಯಾವ ವರ್ಷದ್ದು ಅಂತ ಬರೆದಿರಬೇಕು. ಬರೆಯದ ಅಂಕೆ ತಾರೀಕಿಲ್ಲದ ಚೀಟಿ. ನಮ್ಮ ಮಕ್ಕಳು ಪಾಲು ಮಾಡುವಾಗ ಆ ಚೀಟಿ ಹಿಡಿದು ಕೋರ್ಟಿಗೆ ಹೋಗುತ್ತಾರೆ.

ಲೆಕ್ಕದ ಪದ್ಧತಿ ಅಂದೆನಲ್ಲ, ಅದರ ಕತೆಯೂ ನಮ್ಮ ಕರಾವಳಿಗೆ ಹೊಸತಲ್ಲ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಸರಪಳಿ ಎಳೆದು ಒಂದು ಗೆರೆ ಅಳೆದ. ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಬಂದು ಅಳತೆ ಮುಟ್ಟಿದ್ದು ನಮ್ಮ ಮಂಗಳೂರಿನ ಕಡಲಿಗೆ. ಮುಂದೆ ಇಡೀ ದೇಶದ ಅಳತೆಗೆ ಕಲ್ಯಾಣಪುರವನ್ನು ಮೂಲಬಿಂದು ಮಾಡಿದರು. ನಮ್ಮ ಸಂತೆಕಟ್ಟೆ ಪಕ್ಕದ ಕಲ್ಯಾಣಪುರ ಅಲ್ಲ, ಮಧ್ಯಪ್ರದೇಶದ ಸಿರೋಂಜ್ ಹತ್ತಿರದ್ದು. ಆ ಹಳೆಯ ಲೆಕ್ಕಕ್ಕೂ ಇವತ್ತಿನ ಉಪಗ್ರಹದ ಲೆಕ್ಕಕ್ಕೂ ಒಂದೇ ಜಾಗಕ್ಕೆ ನೂರಾರು ಅಡಿ ವ್ಯತ್ಯಾಸ ಬರುತ್ತದೆ. ಹಳೆಯ ನಕ್ಷೆಯ ಮೇಲೆ ಹೊಸ ಅಂಕೆ ಹಾಕಿದರೆ ಮನೆ ಹೋಗಿ ತೋಡಿನಲ್ಲಿ ಕೂರಬಹುದು. ಪರಿವರ್ತನೆ ಗೊತ್ತಿರುವವರು ಬೇಕು. ಅಂಥವರು ರೋವರಿನ ಪೆಟ್ಟಿಗೆಯೊಳಗೆ ಬರುವುದಿಲ್ಲ.

ಗಡಿಗಿಂತ ನಮ್ಮ ಬೈಲಿನವರಿಗೆ ದೊಡ್ಡ ವಿಷಯ ಎತ್ತರದ್ದು. ಕಡೆಕಾರು, ಕುತ್ಪಾಡಿ, ಉದ್ಯಾವರ ಹೊಳೆಯ ಬದಿ, ಮಟ್ಟು ಕಡೆಯವರಿಗೆಲ್ಲ ಗೊತ್ತುಂಟು. ಉಪ್ಪುನೀರು ಒಳಗೆ ಬರುವುದು ಬಿಡುವುದು ನಿಂತಿರುವುದು ಒಂದು ಗೇಣು ಎತ್ತರದ ಮೇಲೆ. ಕಿಂಡಿ ಅಣೆಕಟ್ಟಿನ ಹಲಗೆ ಎಷ್ಟು ಎತ್ತರ, ದಂಡೆ ಎಲ್ಲಿ ತಗ್ಗಿದೆ, ತೋಡು ಯಾವ ಕಡೆ ವಾಲಿದೆ, ಇದೆಲ್ಲ ಸೆಂಟಿಮೀಟರ್ ಲೆಕ್ಕ. ಕಟ್ಟಪುಣಿ ಕಟ್ಟಿದ ಎಲ್ಲರಿಗೂ ಗೊತ್ತು, ಬೈಲು ಗದ್ದೆಯಲ್ಲಿ ನೀರು ಎಷ್ಟು ನಿಧಾನ ಹರಿಯುತ್ತದೆ ಅಂತ.

ಆದರೆ ಉಪಗ್ರಹ ಕೊಡುವ ಎತ್ತರ ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ಎತ್ತರ ಅಲ್ಲ. ಅದು ಭೂಮಿಗೆ ಹೊಂದುವಂತೆ ಗಣಿತದಲ್ಲಿ ಮಾಡಿದ ಒಂದು ಮೊಟ್ಟೆಯಾಕಾರದಿಂದ ಲೆಕ್ಕ ಹಾಕಿದ್ದು. ನಮ್ಮ ಕಡೆ ನಿಜವಾದ ಸಮುದ್ರಮಟ್ಟ ಆ ಆಕಾರಕ್ಕಿಂತ ಎಂಬತ್ತು ತೊಂಬತ್ತು ಮೀಟರ್ ಕೆಳಗೆ ಉಂಟು. ತಿದ್ದದ ಲೆಕ್ಕ ಹಿಡಿದು ಮಲ್ಪೆ ಮರಳಿನ ಮೇಲೆ ನಿಂತರೆ ನೀವು ಕಡಲಿನ ಎಂಬತ್ತಕ್ಕೂ ಹೆಚ್ಚು ಮೀಟರ್ ಅಡಿಯಲ್ಲಿದ್ದೀರಿ ಅಂತ ತೋರಿಸುತ್ತದೆ! ಶ್ರೀಲಂಕಾದ ದಕ್ಷಿಣಕ್ಕೆ ಈ ತಗ್ಗು ನೂರು ಮೀಟರ್ ದಾಟುತ್ತದೆ, ಇಡೀ ಪ್ರಪಂಚದಲ್ಲೇ ಅತಿ ಆಳದ್ದು. ಭೂಮಿಯೊಳಗಿನ ಯಾವ ಕಾರಣಕ್ಕೆ ಹೀಗಾಯಿತು ಅಂತ ಬೆಂಗಳೂರಿನ ಐಐಎಸ್‌ಸಿ ವಿಜ್ಞಾನಿಗಳು 2023ರಲ್ಲಿ ಒಂದು ವಿವರಣೆ ಪ್ರಕಟಿಸಿದ್ದಾರೆ. ಅವರಿಗೆ ಅದು ಸಂಶೋಧನೆ. ನಮಗೆ ಅದು ಉಪ್ಪುನೀರಿನ ದಂಡೆಯ ಎತ್ತರ. ಒಂದೇ ಅಂಕೆ ಇಬ್ಬರಿಗೂ ಬೇಕು.

ಇಲ್ಲೇ ನನ್ನ ಮಾತಿನ ತಿರುಳು ಇರುವುದು. ಕಾಲೇಜಿನವರ ಸ್ಟೇಷನ್ ಬೇರೆ, ನಮ್ಮ ರೋವರ್ ಬೇರೆ ಅಂತ ನಾವು ತಿಳಿದದ್ದೇ ಸರಿಯಲ್ಲ. ಅವರು ಇಡುವ ಸ್ಟೇಷನ್ ನಮಗೆ ಬೇಕಾದ ಬೇಸ್. ನಾವು ಗದ್ದೆಯಲ್ಲಿ ಅಳೆಯುವುದು ಅವರಿಗೆ ಬೇಕಾದ ಪರೀಕ್ಷೆ. ಒಂದೇ ಯೋಜನೆ ಮಾಡದೆ ಎರಡು ಮಾಡಿದರೆ ದುಡ್ಡು ಎರಡು ಸಲ ಖರ್ಚು, ಲೆಕ್ಕ ಎರಡು ತರ, ಜಗಳ ನಾಲ್ಕು ಪಟ್ಟು.

"ಸಂಶೋಧನೆ ಎಲ್ಲ ದೊಡ್ಡವರ ಕೆಲಸ, ನಮಗೆಂತಕ್ಕೆ" ಅನ್ನುವವರಿಗೆ ಇನ್ನೊಂದು ಸಂಗತಿ. ನಾವಿರುವುದು ಭೂಮಿಯ ಕಾಂತ ಸಮಭಾಜಕಕ್ಕೆ ಹತ್ತಿರ. ಆ ಗೆರೆ ದೇಶದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ಈ ಪಟ್ಟಿಯಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಗೋಳ ಕುದಿಯುವ ಗಂಜಿಯ ಹಾಗೆ ಗುಳ್ಳೆ ಏಳುತ್ತದೆ, ಸಿಗ್ನಲ್ ಮಿಣಮಿಣ ಅನ್ನುತ್ತದೆ. ಮಾರ್ಚ್, ಏಪ್ರಿಲ್, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೆಚ್ಚು, ಸೂರ್ಯನ ಚಟುವಟಿಕೆ ಜೋರಿರುವ ವರ್ಷ ಇನ್ನೂ ಹೆಚ್ಚು. 2024ರ ಮೇ 10, 11ರಂದು ದೊಡ್ಡ ಸೌರ ಬಿರುಗಾಳಿ ಬಂದಾಗ ಅಮೆರಿಕದಲ್ಲಿ ಜೋಳ ಬಿತ್ತುವ ಹೊತ್ತು. ಉಪಗ್ರಹ ನಂಬಿ ಗೆರೆ ಹಿಡಿದು ಹೋಗುವ ಟ್ರ್ಯಾಕ್ಟರುಗಳು ದಾರಿ ತಪ್ಪಿದವು, ಎಷ್ಟೋ ರೈತರು ಕೆಲಸ ನಿಲ್ಲಿಸಬೇಕಾಯಿತು. ನಾಳೆ ನಮ್ಮಲ್ಲಿ ಮದ್ದು ಸಿಂಪಡಿಸುವ ಡ್ರೋನ್ ಸೆಂಟಿಮೀಟರ್ ಲೆಕ್ಕದಲ್ಲಿ ಹಾರಬೇಕಾದರೆ, ಉಡುಪಿಯ ಆಕಾಶ ಯಾವಾಗ ಕೈಕೊಡುತ್ತದೆ ಅಂತ ಉಡುಪಿಯಲ್ಲೇ ಅಳೆದಿರಬೇಕು. ಬೇರೆ ದೇಶದಲ್ಲಿ ಅಳೆದದ್ದು ಇಲ್ಲಿಗೆ ಹೊಂದುವುದಿಲ್ಲ.

ಹಂಚಿಕೊಂಡು ಮಾಡುವುದು ಸಾಧ್ಯವಾ ಅಂತ ಕೇಳಿದರೆ, ಮಾಡಿದವರು ಇದ್ದಾರೆ. 1980ರ ದಶಕದಲ್ಲಿ ಈ ರಿಸೀವರುಗಳ ಬೆಲೆ ಒಂದು ವಿಶ್ವವಿದ್ಯಾಲಯಕ್ಕೂ ಹೊರಲಾರದ್ದು. ಅಮೆರಿಕದ ವಿಶ್ವವಿದ್ಯಾಲಯಗಳು 1984ರಲ್ಲಿ ಯುನಾವ್‌ಕೋ ಅಂತ ಒಂದು ಕೂಟ ಕಟ್ಟಿದವು. ಯಂತ್ರ ಒಟ್ಟಿಗೆ, ಸರದಿಯಲ್ಲಿ ಬಳಕೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ಬರೀ ಬಾಡಿಗೆ ಅಂಗಡಿ ಆಗುತ್ತಿತ್ತು. ಅವರು ಯಂತ್ರದ ಒಟ್ಟಿಗೆ ಯಂತ್ರ ಗೊತ್ತಿರುವ ಜನರನ್ನೂ ಕಳಿಸಿದರು, ಕಲಿಸಿದರು, ಅಳೆದದ್ದನ್ನೆಲ್ಲ ಒಂದು ಕಡೆ ಜೋಪಾನ ಇಟ್ಟು ಯಾರು ಬೇಕಾದರೂ ನೋಡಬಹುದು ಅಂತ ಮಾಡಿದರು. 2023ರಲ್ಲಿ ಅದು ಭೂಕಂಪದ ಅಳತೆಯವರ ಇನ್ನೊಂದು ಕೂಟದ ಒಟ್ಟಿಗೆ ಸೇರಿ ಅರ್ತ್‌ಸ್ಕೋಪ್ ಆಯಿತು. ಕೆಲಸ ನಿಲ್ಲಲಿಲ್ಲ.

ಒಂದೊಂದು ಕಂಪೆನಿಯ ಯಂತ್ರ ಒಂದೊಂದು ಭಾಷೆಯಲ್ಲಿ ಬರೆಯುತ್ತಿತ್ತು, ಒಬ್ಬರದ್ದು ಇನ್ನೊಬ್ಬರಿಗೆ ಓದಲಿಕ್ಕಾಗುತ್ತಿರಲಿಲ್ಲ. 1989ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದವರು ಎಲ್ಲದಕ್ಕೂ ಹೊಂದುವ ರೈನೆಕ್ಸ್ ಅನ್ನುವ ಬರವಣಿಗೆಯ ಕ್ರಮ ಮಾಡಿದರು. ಇವತ್ತಿಗೂ ಅದೇ ನಡೆಯುವುದು. ನಮ್ಮ ರಾಜ್ಯಕ್ಕೂ ಇದು ದೂರದ್ದಲ್ಲ. ಬೆಂಗಳೂರಿನ ಐಐಎಸ್‌ಸಿ ಆವರಣದ ಒಂದು ಸ್ಟೇಷನ್ ಅಂತರರಾಷ್ಟ್ರೀಯ ಜಾಲದಲ್ಲಿ ಸೇರಿದೆ, ಅದರ ಅಳತೆಯನ್ನು ಪ್ರಪಂಚದ ಯಾವ ಮೂಲೆಯವರೂ ದುಡ್ಡು ಕೊಡದೆ ಪಡೆಯಬಹುದು. ನಮ್ಮದೇ ನಾವಿಕ್ ಉಪಗ್ರಹಗಳ ಸಂಚಾಲನ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ 2013ರಿಂದ ಉಂಟು.

ಅದೆಲ್ಲ ಬಿಡಿ. ಕೂಡಿ ಕಟ್ಟುವುದನ್ನು ನಮ್ಮ ಜಿಲ್ಲೆಗೆ ಬೇರೆಯವರು ಕಲಿಸಬೇಕಾ? ದಿನಕ್ಕೆ ಎರಡಾಣೆ ಪಿಗ್ಮಿ ಸೇರಿಸಿ ಬ್ಯಾಂಕ್ ಬೆಳೆಸಿದ ಉಡುಪಿ ಇದು, ಅದು 1928ರಲ್ಲಿ. ಅಡಿಕೆಗೆ ಬೆಲೆ ಬಿದ್ದಾಗ 1973ರಲ್ಲಿ ಕ್ಯಾಂಪ್ಕೋ ಕಟ್ಟಿದವರು ನಮ್ಮ ಕರಾವಳಿಯ ಬೆಳೆಗಾರರು. ಟಿಲ್ಲರ್, ನಾಟಿ ಯಂತ್ರ, ಕಟಾವು ಯಂತ್ರವನ್ನು ಬಾಡಿಗೆಗೆ ಹಂಚಿಕೊಳ್ಳುವ ಕೃಷಿ ಯಂತ್ರಧಾರೆ ರಾಜ್ಯದಲ್ಲಿ 2014-15ರಿಂದ ಉಂಟು. ಹಂಚಿಕೊಂಡ ಯಂತ್ರ ಎಲ್ಲಿಯದ್ದೇ ಇರಲಿ, ಅದು ಸೋಲುವುದು ಎರಡು ಕಡೆ. ಓಡಿಸುವವನಿಗೆ ಸಂಬಳ ಇಲ್ಲದಿದ್ದರೆ, ಬಿಡಿಭಾಗಕ್ಕೆ ದುಡ್ಡು ತೆಗೆದಿಡದಿದ್ದರೆ. ರೋವರಿಗೆ ಮೂರನೆಯದ್ದೂ ಸೇರುತ್ತದೆ. ಟಿಲ್ಲರ್ ಉತ್ತ ಗದ್ದೆ ಅಲ್ಲೇ ಇರುತ್ತದೆ. ರೋವರ್ ಅಳೆದ ಲೆಕ್ಕ ಯಾರದ್ದೋ ಲ್ಯಾಪ್‌ಟಾಪಿನಲ್ಲಿ ಇರುತ್ತದೆ. ಅವನು ಕೆಲಸ ಬಿಟ್ಟು ದುಬೈಗೆ ಹೋದರೆ ನಮ್ಮ ಗಡಿಯೂ ಅವನೊಟ್ಟಿಗೆ ವಿಮಾನ ಹತ್ತುತ್ತದೆ.

ಈಗ ಎದುರು ಮಾತುಗಳಿಗೆ ಬರುವ.

"ಸರ್ವೆ ಆಫ್ ಇಂಡಿಯಾದವರ ಕಾರ್ಸ್ ಜಾಲ ಉಂಟಲ್ಲ, ಮತ್ತೆ ನಮ್ಮದೆಂತ?" ಒಳ್ಳೆಯ ಪ್ರಶ್ನೆ. ಹೌದು, ಉಂಟು. ಸದಾಕಾಲ ಓಡುವ ಬೇಸ್ ಸ್ಟೇಷನ್‌ಗಳ ರಾಷ್ಟ್ರೀಯ ಜಾಲ ಅದು, ಹೆಸರು ನೋಂದಾಯಿಸಿದವರಿಗೆ ಸಿಮ್ ಮೂಲಕ ತಿದ್ದುಪಡಿ ಕಳಿಸುತ್ತದೆ. ನಾನು ಹೇಳುವುದು ಅದನ್ನು ಬಿಟ್ಟು ಬೇರೆ ಮಾಡಿ ಅಂತ ಅಲ್ಲ. ನಮ್ಮ ಎಲ್ಲ ಅಳತೆ ಅದಕ್ಕೇ ಕಟ್ಟಿರಬೇಕು, ಆಗ ಅಣ್ಣನ ಗೂಟವೂ ತಮ್ಮನ ಗೂಟವೂ ಒಂದೇ ಕಡೆ ಬೀಳುತ್ತದೆ. ಆದರೆ ಒಬ್ಬೊಬ್ಬ ರೈತ ಹೋಗಿ ನೋಂದಾಯಿಸಿ, ಯಂತ್ರ ತಂದು, ಕಲಿತು ಮಾಡುವ ಕೆಲಸವಾ ಅದು? ಸಂಘದ ಮೂಲಕ ಒಂದೇ ಖಾತೆ, ಎರಡು ರೋವರ್, ಗೊತ್ತಿರುವ ಇಬ್ಬರು ಜನ ಸಾಕು. ಅದಲ್ಲದೆ ಸಿಮ್ ಸಿಗ್ನಲ್ ಹೋದರೆ, ಮಳೆಗಾಲದಲ್ಲಿ ಕರೆಂಟ್ ಹೋದರೆ ಊರಲ್ಲೇ ಒಂದು ಬೇಸ್ ಇರುವುದು ಒಳ್ಳೆಯದು. ಒಂಟಿ ಬೇಸ್ ಕೆಲಸಕ್ಕೆ ಬರುವುದು ಹತ್ತು ಹದಿನೈದು ಕಿಲೋಮೀಟರ್ ಸುತ್ತು, ಅಲ್ಲಿಂದ ಆಚೆ ಭರವಸೆ ಕಮ್ಮಿಯಾಗುತ್ತಾ ಹೋಗುತ್ತದೆ. ಉಡುಪಿ ಮಣಿಪಾಲದ ಮಧ್ಯೆ ಒಂದು ಇಟ್ಟರೆ ದಕ್ಷಿಣಕ್ಕೆ ಕಾಪು, ಉತ್ತರಕ್ಕೆ ಬ್ರಹ್ಮಾವರ ಸಿಗುತ್ತದೆ. ಕಾರ್ಕಳಕ್ಕೆ ಇನ್ನೊಂದು ಬೇಕೇ ಬೇಕು.

"ಇದು ರಕ್ಷಣೆಯ ವಿಷಯ, ಡೇಟಾ ಕೊಡ್ಲಿಕ್ಕಾಗುದಿಲ್ಲ." ಇದನ್ನು ಹೇಳುವವರು ಹಳೆಯ ಕಾಲದಲ್ಲೇ ಇದ್ದಾರೆ. 2021ರ ಫೆಬ್ರವರಿ 15ರಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ನಕ್ಷೆ ಮತ್ತು ಭೂದತ್ತಾಂಶದ ಹೊಸ ಮಾರ್ಗಸೂಚಿ ಹೊರಡಿಸಿತು. ಭಾರತದವರು ನಕ್ಷೆ ಮಾಡಲಿಕ್ಕೆ ಮೊದಲೇ ಅನುಮತಿ ಬೇಡ. ಸಾರ್ವಜನಿಕ ಹಣದಲ್ಲಿ ಮಾಡಿದ ಭೂದತ್ತಾಂಶ, ಭದ್ರತಾ ಪಡೆಗಳ ಗುಪ್ತ ದತ್ತಾಂಶ ಬಿಟ್ಟರೆ, ಭಾರತದ ಎಲ್ಲರಿಗೂ ಸುಲಭವಾಗಿ ಸಿಗಬೇಕು ಅಂತ ಅದರಲ್ಲಿ ಉಂಟು. 2022ರ ಡಿಸೆಂಬರಿನ ರಾಷ್ಟ್ರೀಯ ನೀತಿಯೂ ಅದೇ ದಾರಿಯದ್ದು. ತೆರಿಗೆ ದುಡ್ಡಿನಲ್ಲಿ ತಂದ ಯಂತ್ರವನ್ನು ಗಾಜಿನ ಕಪಾಟಿನಲ್ಲಿಟ್ಟು, ಅದರ ಅಳತೆಯನ್ನು ಪ್ರಬಂಧ ಬರೆದು ಮುಗಿಯುವವರೆಗೆ ಯಾರಿಗೂ ತೋರಿಸದೆ ಇಡುವ ಅಭ್ಯಾಸ ಎಲ್ಲಿದ್ದರೂ ಅದಕ್ಕೆ ರಕ್ಷಣೆಯ ಹೆಸರು ಕೊಡಬೇಡಿ.

"ಎಲ್ಲ ತೆರೆದಿಟ್ಟರೆ ನಮ್ಮ ಜಾಗದ ಅಳತೆ ಬ್ರೋಕರ್ ಕೈಗೆ ಹೋಗುದಿಲ್ವಾ?" ಇದು ಸರಿಯಾದ ಹೆದರಿಕೆ, ಇದಕ್ಕೆ ಉತ್ತರ ಮೊದಲೇ ಬರೆದಿಡಬೇಕು. ಬೇಸ್ ಸ್ಟೇಷನ್ನಿನ ಅಳತೆ ಬೇರೆ, ನನ್ನ ಗದ್ದೆಯ ಮೂಲೆಯ ಅಳತೆ ಬೇರೆ. ಸ್ಟೇಷನ್ ಅಳೆಯುವುದು ಆಕಾಶವನ್ನು, ಗಾಳಿಯ ತೇವವನ್ನು, ನೆಲದ ಸರಿತವನ್ನು. ಅದು ಎಲ್ಲರಿಗೂ ತೆರೆದಿರಲಿ. ನನ್ನ ಗದ್ದೆಯ ಅಂಕೆ ನನ್ನದು. ಅದರ ಪೂರ್ತಿ ಪ್ರತಿ ನನಗೆ ಸಿಗಬೇಕು, ನಾನು ಸಹಿ ಹಾಕದೆ ಬೇರೆಯವರಿಗೆ ಹೋಗಬಾರದು. ಕಾಲೇಜಿನವರು ಅಧ್ಯಯನಕ್ಕೆ ಕೇಳಿದರೆ ಸರ್ವೆ ನಂಬರು, ಹೆಸರು ತೆಗೆದು ಕೊಡಬಹುದು.

ಹಾಗಾದರೆ ಎಂತ ಮಾಡಬೇಕು? ನನ್ನ ಪ್ರಕಾರ ಯಂತ್ರದ ಕೊಟೇಶನ್ ಕೇಳುವ ಮೊದಲು ಇಷ್ಟು ಕಾಗದದಲ್ಲಿ ಬರಬೇಕು.

ಒಂದು, ಮೇಜಿನ ಸುತ್ತ ಯಾರು ಅಂತ. ಮಣಿಪಾಲದಲ್ಲಿ 1957ರಿಂದ ಎಂಐಟಿ ಉಂಟು, ಸುರತ್ಕಲ್‌ನಲ್ಲಿ 1960ರಿಂದ ಈಗಿನ ಎನ್‌ಐಟಿಕೆ ಉಂಟು, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಕಾಲೇಜು ಉಂಟು, ಬ್ರಹ್ಮಾವರದಲ್ಲಿ ಕೃಷಿ ಸಂಶೋಧನಾ ಕೇಂದ್ರ ಉಂಟು. ಇವರನ್ನು ಕರೆಯಲು ನಾವೇ ಹೋಗಬೇಕು. ಆದರೆ ಸಮಿತಿಯಲ್ಲಿ ಅರ್ಧ ಜನ ರೈತರು ಇರಬೇಕು, ಮತ್ತು ಅವರು ಚಹಾ ಕುಡಿದು ಸಹಿ ಹಾಕುವವರಾಗಬಾರದು.

ಎರಡು, ಜಾಗ. ಬೇಸಿನ ಕಂಬ ಗಟ್ಟಿ ಮುರಕಲ್ಲಿನ ಮೇಲೋ ಕಪ್ಪು ಬಂಡೆಯ ಮೇಲೋ ಕಾಂಕ್ರೀಟ್ ಹಾಕಿ ನಿಲ್ಲಿಸಿದ್ದಾಗಬೇಕು. ಬೈಲಿನ ಜೇಡಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಅಲ್ಲಿ ಬೇಡ. ಸುತ್ತ ತೆಂಗು, ತಗಡಿನ ಶೀಟು, ಮೊಬೈಲ್ ಟವರ್ ಇರಬಾರದು, ಆಕಾಶ ಪೂರ್ತಿ ಕಾಣಬೇಕು. ಏಪ್ರಿಲ್ ಮೇ ತಿಂಗಳ ಸಿಡಿಲು ನಿಮಗೆ ಗೊತ್ತುಂಟು, ಸಿಡಿಲು ತಡೆ ಇಲ್ಲದೆ ಇಟ್ಟರೆ ಮೊದಲ ವರ್ಷವೇ ಸುಟ್ಟುಹೋಗುತ್ತದೆ. ಕಡಲ ಗಾಳಿಯ ತುಕ್ಕಿಗೂ ಖರ್ಚು ಇಡಬೇಕು. ಪ್ರತಿ ಪಂಚಾಯತಿನಲ್ಲಿ ಸರಿಯಾಗಿ ಅಳೆದ ಎರಡು ಮೂರು ಕಲ್ಲು ಇರಲಿ. ಯಾವ ರೋವರ್ ಬಂದರೂ ಕೆಲಸಕ್ಕೆ ಮೊದಲು ಆ ಕಲ್ಲಿನ ಮೇಲೆ ನಿಂತು "ಸರಿ ತೋರಿಸ್ತದಾ" ಅಂತ ರೈತನ ಎದುರೇ ನೋಡಬೇಕು. ಅಂಗಡಿಯ ತಕ್ಕಡಿಗೆ ಸರ್ಕಾರಿ ಮುದ್ರೆ ಇದ್ದ ಹಾಗೆ ಇದು.

ಮೂರು, ಜನ. ಊರಿನ ಇಬ್ಬರು ಹುಡುಗರೋ ಹುಡುಗಿಯರೋ, ಡಿಪ್ಲೊಮಾ ಆದವರು ಸಾಕು. ಐದು ವರ್ಷದ ಸಂಬಳ ಯಂತ್ರದ ಬೆಲೆಗಿಂತ ಮೇಲಿನ ಸಾಲಿನಲ್ಲಿ ಬರೆದಿರಬೇಕು. ಸಂಬಳಕ್ಕೆ ದುಡ್ಡಿಲ್ಲ ಅಂತಾದರೆ ಒಂದು ರೋವರ್ ಕಮ್ಮಿ ತನ್ನಿ.

ನಾಲ್ಕು, ಲೆಕ್ಕ. ಅರ್ಧ ನಿಮಿಷಕ್ಕೊಮ್ಮೆ ಬರೆದರೆ ಒಂದು ಸ್ಟೇಷನ್ ದಿನಕ್ಕೆ 2880 ಸಲ ಬರೆಯುತ್ತದೆ. ಅಷ್ಟಾದರೂ ಒತ್ತಿ ಇಟ್ಟರೆ ದಿನಕ್ಕೆ ಕೆಲವೇ ಎಂಬಿ, ಮದುವೆಯ ವಿಡಿಯೋಕ್ಕಿಂತ ಎಷ್ಟೋ ಕಮ್ಮಿ. ಜಾಗ ಇಲ್ಲ ಅನ್ನುವ ನೆಪ ನಡೆಯುವುದಿಲ್ಲ. ಕಚ್ಚಾ ಅಳತೆ ರೈನೆಕ್ಸ್ ಕ್ರಮದಲ್ಲಿ, ಎರಡು ಊರಲ್ಲಿ ಎರಡು ಪ್ರತಿ. ಆಂಟೆನಾ ಎತ್ತರ, ತಾರೀಕು, ಲೆಕ್ಕದ ಪದ್ಧತಿ, ಅಳೆದವನ ಹೆಸರು, ನಾಲ್ಕೂ ಇಲ್ಲದ ಅಳತೆಗೆ ಸಂಘ ಮುದ್ರೆ ಹಾಕಬಾರದು.

ಐದು, ಸರದಿ. ಐದು ಸೆಂಟ್ಸಿನವನಿಗೂ ಐದು ಎಕರೆಯವನಿಗೂ ಒಂದೇ ಸಾಲು. ಹಗಲು ರೋವರ್ ನಮಗೆ. ಅಯಾನುಗೋಳ ಕಲಕುವುದು ಸಂಜೆ ರಾತ್ರಿಗೆ ತಾನೆ, ಆ ಹೊತ್ತಿಗೆ ಗದ್ದೆಯಲ್ಲಿ ಯಾರೂ ಅಳೆಯುವುದಿಲ್ಲ, ಯಂತ್ರ ಸಂಶೋಧಕರಿಗೆ ಹೋಗಲಿ. ನಾಟಿ, ಕೊಯ್ಲಿನ ವಾರದಲ್ಲಿ ಗಡಿ ಅಳತೆ ನಿಲ್ಲುತ್ತದೆ, ಆಗಲೂ ಹೋಗಲಿ. ಹೀಗೆ ಮಾಡಿದರೆ ಒಂದೇ ಯಂತ್ರ ಎರಡು ದುಡಿಮೆ ಮಾಡುತ್ತದೆ.

ಸಂಘದ ಗಡಿ ಕಲ್ಲು ಕಾನೂನಿನ ಗಡಿ ಆಗುವುದಿಲ್ಲ, ಅದು ಸರ್ವೆ ಇಲಾಖೆಯ ಕೆಲಸವೇ ಹೌದು. ಆದರೆ ಇಲಾಖೆಯವರು ಬಂದು ಅಂಕೆ ಬರೆದ ದಿನ, ನಮ್ಮ ಕೈಯಲ್ಲೂ ಒಂದು ಅಂಕೆ ಇದ್ದರೆ ಮಾತಾಡುವ ಧೈರ್ಯ ಇರುತ್ತದೆ. ಹಡಿಲು ಬಿದ್ದ ಗದ್ದೆಗಳಲ್ಲಿ ಪುಣಿ ಅಳಿಸಿಹೋಗಿದೆ, ಕಲ್ಲು ತೋರಿಸುತ್ತಿದ್ದ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. "ಆ ಹಲಸಿನ ಮರದ ಬುಡದಿಂದ" ಅಂತ ಹೇಳುವ ಬಾಯಿ ಇರುವಾಗಲೇ ಅಳೆದಿಡಬೇಕು. ಮರ ಬಿದ್ದ ಮೇಲೆ ಯಾವ ಉಪಗ್ರಹವೂ ಅದರ ಬುಡ ತೋರಿಸುವುದಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಈ ವರ್ಷದ ಮಹಾಸಭೆಗೆ ಬರುವಾಗ ಲಾಡು ಚಹಾಕ್ಕೆ ಮೊದಲು ಈ ಒಂದು ಸಾಲನ್ನು ನಿರ್ಣಯಕ್ಕೆ ಇಡಿ: "ಅಳತೆಯ ಲೆಕ್ಕ ಯಾರಲ್ಲಿ, ಎಷ್ಟು ವರ್ಷ, ಯಾರಿಗೆ ಸಿಗುವಂತೆ ಇರುತ್ತದೆ ಎಂದು ಬರೆದು ತೀರ್ಮಾನವಾಗುವವರೆಗೆ ಸಂಘವು ರೋವರ್ ಖರೀದಿಸುವುದಿಲ್ಲ, ಸ್ಟೇಷನ್ನಿಗೆ ಜಾಗವನ್ನೂ ಕೊಡುವುದಿಲ್ಲ." ನಾನು ಮಂಡಿಸುತ್ತೇನೆ, ಅನುಮೋದಿಸಲಿಕ್ಕೆ ಒಬ್ಬರು ಬೇಕು. ಕಿದಿಯೂರು, ಕಡೆಕಾರಿನವರು ನಿಮ್ಮ ಸಂಘದಲ್ಲೂ ಇಡಿ. ಒಪ್ಪದವರು ಸಭೆಗೆ ಬಂದು ಎದುರೇ ಹೇಳಿ, ಜಗಳ ಆಡುವ. ಗದ್ದೆಯ ಗಡಿಯಲ್ಲಿ ಜಗಳ ಆಡುವುದಕ್ಕಿಂತ ಸಭೆಯಲ್ಲಿ ಆಡುವುದು ಅಗ್ಗ.